ಸುಗಟೂರಿನ ತಿರುವಿನಲ್ಲಿ ಸೋರಿದ ಎಣ್ಣೆ

ನಮ್ಮ ಭಾವನವರಿಗೆ ಕಿವಿ ಮಂದ ಎಂದು ಶ್ರೀನಿವಾಸಪುರದ ಅರ್ಧ ಊರು ನಂಬಿತ್ತು. ಅದಕ್ಕೆ ನಮ್ಮಕ್ಕನೇ ಮೊದಲ ಸಾಕ್ಷಿ. ಅವಳು ಅಡುಗೆಮನೆಯಿಂದ ಮೂರು ಸಲ ಊಟಕ್ಕೆ ಕೂಗಿದರೂ ಅವರು ಏಳುತ್ತಿರಲಿಲ್ಲ. ಆದರೆ ಎರಡು ಬೀದಿಯಾಚೆಯ ಬಸ್‌ಸ್ಟ್ಯಾಂಡಿನಲ್ಲಿ ಮುಳಬಾಗಿಲಿನ ಬಸ್ಸು ಹೊರಡುವಾಗ ಅದರ ಎಂಜಿನ್ನು ಒಂದಿಷ್ಟು ಕೆಮ್ಮಿದರೆ ಸಾಕು, ಜಗಲಿಯಲ್ಲಿ ಕೂತಲ್ಲಿಂದಲೇ "ಮೂರನೇ ಸಿಲಿಂಡ್ರು" ಎಂದು ತಲೆಯಾಡಿಸುತ್ತಿದ್ದರು. ಮನುಷ್ಯರ ಮಾತಿಗೆ ಮಂದ, ಎಂಜಿನ್ನಿನ ಮಾತಿಗೆ ಚುರುಕು. ಇಂಥ ಕಿವಿಗೆ ಯಾವ ಡಾಕ್ಟರು ಏನು ಔಷಧಿ ಕೊಟ್ಟಾನು?

ಅವರದು ಹಿಟ್ಟಿನ ಗಿರಣಿ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಿನ್ನದ ಗಣಿಯ ಅಧಿಕಾರಿಯೊಬ್ಬರು ದೇಶ ಬಿಟ್ಟು ಹೋಗುವಾಗ ಷೆಡ್ಡಿನಲ್ಲಿ ಬಿಟ್ಟುಹೋಗಿದ್ದ ಒಂದು ವಿದೇಶಿ ಕಾರನ್ನು, ಎಪ್ಪತ್ತರ ದಶಕದ ನಡುವೆ ಯಾವಾಗಲೋ, ಅವರು ಎತ್ತಿನ ಗಾಡಿಯ ಹಿಂದೆ ಕಟ್ಟಿಸಿಕೊಂಡು ಊರಿಗೆ ತಂದರು. ರೇಸಿಗೆಂದೇ ಮಾಡಿದ ಕಾರು. ಮೇಲೆ ಚಾವಣಿ ಇಲ್ಲ, ಒಳಗೆ ಎರಡೇ ಸೀಟು.

"ಮನೇಲಿ ನಾವು ನಾಲ್ಕು ಜನ. ಇನ್ನಿಬ್ರು ಎಲ್ಲಿ ಕೂತ್ಕೋಬೇಕು?" ಅಂತ ಅಕ್ಕ ಕೇಳಿದಳು.

"ಇನ್ನಿಬ್ರು ಮನೆ ನೋಡ್ಕೋಬೇಕಲ್ಲ" ಎಂದರು ಭಾವ. ತಮಾಷೆಗಲ್ಲ. ಅವರು ಅದನ್ನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದರು.

ಎರಡು ವರ್ಷ ಬಿಚ್ಚಿ, ತೊಳೆದು, ಕೂಡಿಸಿ ಅದಕ್ಕೆ ಜೀವ ತುಂಬಿದರು. ಇದರಲ್ಲಿ ಅವರ ಬಲಗೈ ಕೋಲಾರದ ರಹಮತ್ ಸಾಬರು. ಗಡಿಯಾರ ಗೋಪುರದ ಹಿಂದಿನ ಗಲ್ಲಿಯಲ್ಲಿ ಸಾಬರ ಲೇತ್ ಅಂಗಡಿ. ಕಬ್ಬಿಣದಲ್ಲಿ ಅವರು ಕೊರೆದ ತಿರುಪಿನ ಸುತ್ತು ಎಷ್ಟು ನಯವೆಂದರೆ, ನಟ್ಟು ತಾನಾಗಿಯೇ ಇಳಿದು ಕೂರುತ್ತಿತ್ತು. ಕಾರು ಸಿದ್ಧವಾದ ಮೇಲೆ ಭಾವ ಅದನ್ನು ತಾಯಲೂರಿನ ಕಡೆ ಕೆರೆ ಏರಿಯ ಮೇಲೆ ಓಡಿಸಿ ನೋಡಿದರು. ಏರಿಯ ಕೊನೆಯ ಉದ್ದನೆಯ ತಿರುವಿನಲ್ಲಿ ಎಂಜಿನ್ನು ಒಮ್ಮೆ ಕಿರುಚಿ ನಿಂತುಬಿಟ್ಟಿತು. ಸಾಬರು ಬಿಚ್ಚಿ ನೋಡಿದರೆ ಬೇರಿಂಗುಗಳೆಲ್ಲ ಸೀದ ಹಪ್ಪಳ. ಪುಣ್ಯಕ್ಕೆ ಕಾರಿನ ಜೊತೆ ಬಂದಿದ್ದ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಇತ್ತು. ಅದೇ ಕೊನೆಯದು. ದೇಶದಲ್ಲಿ ಎಲ್ಲಿ ಹುಡುಕಿದರೂ ಅಂಥದ್ದು ಸಿಗುವಂತಿರಲಿಲ್ಲ.

ಆಗ ಅಕ್ಕ ಅವರನ್ನು ದೇವರ ಗೂಡಿನ ಮುಂದೆ ನಿಲ್ಲಿಸಿದಳು. "ಇನ್ನೊಂದ್ಸಲ ಇದು ಹಿಂಗೆ ನಿಂತ್ರೆ ಗುಜರಿಗೆ ಹಾಕ್ತೀನಿ ಅಂತ ಹೇಳಿ." ಭಾವ ಹೇಳಿದರು. ಹೇಳುವಾಗ ಅವರ ಕಣ್ಣು ದೇವರ ಮೇಲಲ್ಲ, ಕಿಟಕಿಯಾಚೆಯ ಕಾರಿನ ಮೇಲಿತ್ತು ಎಂದು ಅಕ್ಕ ಆಮೇಲೆ ನನಗೆ ನಗುತ್ತ ಹೇಳಿದಳು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಎಂಜಿನ್ನು ಯಾಕೆ ಸುಟ್ಟಿತು? ನನಗೆ ಅದು ಗೊತ್ತಾದದ್ದು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ನಾನಾಗ ಮಾಲೂರಿನಲ್ಲಿ ಹೈಸ್ಕೂಲಿನ ಗಣಿತದ ಟೀಚರು. ಉಪ್ಪಿಟ್ಟು ಆಯಿತು, ಕಾಫಿ ಬಂತು. ಗಂಡಿನ ತಂದೆ ಮರ್ಯಾದೆಗೆ ಎಂಬಂತೆ "ಕಾರು ಇದೆಯಂತೆ" ಎಂದುಬಿಟ್ಟರು. ಭಾವ ತಮ್ಮ ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡರು.

"ನೋಡಿ ಸ್ವಾಮಿ, ಎಂಜಿನ್ನಿನ ತಳದಲ್ಲಿ ಎಣ್ಣೆ ಹಿಂಗೆ ನಿಂತಿರುತ್ತೆ. ಮಧ್ಯದಲ್ಲಿ ಪಂಪಿನ ಬಾಯಿ. ಕಾರು ಜೋರಾಗಿ ಎಡಕ್ಕೆ ತಿರುಗ್ತು ಅನ್ನಿ, ಎಣ್ಣೆಯೆಲ್ಲ ಬಲಕ್ಕೆ ನುಗ್ಗುತ್ತೆ. ಪಂಪು ಗಾಳಿ ಕುಡಿಯುತ್ತೆ. ಎರಡೇ ಸೆಕೆಂಡು ಸಾಕು, ಬೇರಿಂಗ್ ಫಿನಿಷ್. ಎಡಕ್ಕೆ ಅಂದ್ರೆ ಹಿಂಗೆ." ಸಾಸರು ಎಡಕ್ಕೆ ತಿರುಗಿತು. ಕಾಫಿ ಶಾಸ್ತ್ರಪ್ರಕಾರ ಬಲಕ್ಕೆ ನುಗ್ಗಿತು. ಬಲಕ್ಕೆ ಗಂಡಿನ ತಂದೆಯ ಬಿಳಿ ಪಂಚೆ ಇತ್ತು.

ಆ ಸಂಬಂಧ ಕೂಡಿಬರಲಿಲ್ಲ. ಆ ಮನೆಯನ್ನು ಆಮೇಲೆ ಸೇರಿದ ಹೆಣ್ಣಿನ ಪಾಡು ಕೇಳಿದ ಮೇಲೆ, ನಾನು ಭಾವನವರ ಸಾಸರಿಗೆ ಮನಸ್ಸಿನಲ್ಲೇ ಕೈಮುಗಿದೆ.

ರೋಗ ಗೊತ್ತಾಯಿತು, ಮದ್ದು? ಕಾರಿನ ಸೀಟಿನ ಕೆಳಗೆ ಸಿಕ್ಕಿದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಚಿತ್ರವಿತ್ತು. ಎಂಜಿನ್ನಿನ ಪಕ್ಕಕ್ಕೆ ಒಂದು ಗಟ್ಟಿ ಸಿಲಿಂಡರು, ಒಳಗೆ ಒಂದು ಪಿಸ್ಟನ್ನು. ಪಿಸ್ಟನ್ನಿನ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಒತ್ತಿ ತುಂಬಿದ ಗಾಳಿ. ಪಂಪು ಗಾಳಿ ಕುಡಿದ ಆ ಎರಡು ಸೆಕೆಂಡಿನಲ್ಲಿ ಈ ಗಾಳಿ ಪಿಸ್ಟನ್ನನ್ನು ತಳ್ಳಿ, ಕೂಡಿಟ್ಟ ಎಣ್ಣೆಯನ್ನು ಎಂಜಿನ್ನಿಗೆ ಕೊಡುತ್ತದೆ. ಭಾವ ಟಿಪ್ಪರ್ ಲಾರಿಯ ಹಳೆಯ ಜಾಕಿಯ ಸಿಲಿಂಡರನ್ನು ಗುಜರಿಯಲ್ಲಿ ಹುಡುಕಿದರು. ಸಾಬರು ಒಳಗಿನ ಪಿಸ್ಟನ್ನು ಕಡೆದರು. ಗಾಳಿ ತುಂಬಲು ಸೈಕಲ್ ಪಂಪು.

ಅದರ ಮೊದಲ ಪರೀಕ್ಷೆ ಹಿತ್ತಲಲ್ಲಿ ನಡೆಯಿತು. ಎಲ್ಲವೂ ಸರಿಯಿತ್ತು; ಬಾಯಿಗೆ ಹಾಕಿದ್ದ ಬಿರಡೆ ಮಾತ್ರ ಹಾರಿತು. ಮೂರು ಸೇರು ಎಂಜಿನ್ ಎಣ್ಣೆ ಮಳೆಯಂತೆ ಮೇಲೆದ್ದು, ಹಳೆಯ ಸೀರೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಇಳಿಯಿತು. ಅಕ್ಕ ಬಂದು ಸಂಡಿಗೆಯನ್ನೂ ಗಂಡನನ್ನೂ ಸ್ವಲ್ಪ ಹೊತ್ತು ನೋಡಿದಳು.

"ಸಂಡಿಗೆಗೆ ಎಣ್ಣೆ ಬೇಕು ನಿಜ ರೀ. ಒಣಗೋವಾಗ್ಲೇ ಹಾಕ್ಬೇಕಾ?"

ಅದಾದ ಮೇಲೆ ಫಿಲ್ಟರುಗಳ ಸರದಿ. ಆ ಕಾರಿನ ಎಣ್ಣೆ ಫಿಲ್ಟರು ಎಂಜಿನ್ನಿನ ಕೆಳಗೆ, ಹೊಗೆ ಕೊಳವೆಯ ಪಕ್ಕದಲ್ಲಿತ್ತು. ಕೈ ಹಾಕಿದರೆ ಕೈ ಸುಡುತ್ತಿತ್ತು. ಭಾವ ಅದನ್ನು ತೆಗೆದೆಸೆದು, ಅದರ ಬದಲಿಗೆ ಟ್ರ್ಯಾಕ್ಟರಿನ ಎರಡು ದೊಡ್ಡ ಫಿಲ್ಟರುಗಳನ್ನು ಮುಂದೆ ದೀಪದ ಹಿಂದೆ ಕೈಗೆ ಸಿಗುವಂತೆ ಕೂರಿಸಿ, ದಪ್ಪ ರಬ್ಬರ್ ಕೊಳವೆಗಳಲ್ಲಿ ಎಣ್ಣೆಯನ್ನು ಅಲ್ಲಿಗೆ ಕಳಿಸಿ, ಸೋಸಿ, ಹಿಂದಕ್ಕೆ ತಂದರು. ಕೊಳವೆಗಳು ಕೂಡುವ ಕಡೆಯೆಲ್ಲ ಸಾಬರು ಕಡೆದ ಹಿತ್ತಾಳೆಯ ಜಾಯಿಂಟುಗಳು. ಇಬ್ಬರೂ ಬಿಳಿ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿದರೆ ಒಬ್ಬರನ್ನೊಬ್ಬರು ನೋಡಿ ತಲೆದೂಗುತ್ತಿದ್ದರು. ಒಂದು ಹನಿ ಎಣ್ಣೆ ನೆಲಕ್ಕೆ ಬಿದ್ದರೆ ಇಬ್ಬರಿಗೂ ಸೂತಕ.

ಆ ವರ್ಷ ಬೆಂಗಳೂರಿನ ಕಡೆಯ ಕೆಲವರು ನಮ್ಮ ಸೀಮೆಯಲ್ಲಿ ಒಂದು ಕಾರ್ ರ‍್ಯಾಲಿ ಏರ್ಪಡಿಸಿದರು. ಕೋಲಾರದಿಂದ ಹೊರಟು ಮುಳಬಾಗಿಲು, ತಾಯಲೂರು, ಮತ್ತೆ ಮುಳಬಾಗಿಲು, ಶ್ರೀನಿವಾಸಪುರ, ಅಲ್ಲಿಂದ ಕೋಲಾರ. ದಾರಿಯಲ್ಲಿ ಸಮಯ ಬರೆದುಕೊಳ್ಳುವ ಒಂದೊಂದು ಠಾಣೆಯನ್ನೂ ಹೇಳಿದ ನಿಮಿಷಕ್ಕೆ ಮುಟ್ಟಬೇಕು. ತಡವಾದರೂ ಅಂಕ ಹೋಯಿತು, ಬೇಗ ಬಂದರೂ ಹೋಯಿತು. ಓಡಿಸುವವನ ಪಕ್ಕದಲ್ಲಿ ಲೆಕ್ಕ ಹಾಕಿ ದಾರಿ ಹೇಳುವವರು ಒಬ್ಬರಿರಬೇಕು. ಭಾವನವರಿಗೆ ಮಗ್ಗಿ ಹದಿಮೂರರ ಆಚೆ ಬಾರದು. ಪಕ್ಕ ಕೂರಲು ಒಪ್ಪಿದ್ದ ಗೆಳೆಯನಿಗೆ ಮೂರು ದಿನ ಮುಂಚೆ ಮಂಗನಬಾವು ಬಂತು.

ಭಾವ ಮಾಲೂರಿಗೆ ಬಂದು ನಮ್ಮ ಸ್ಕೂಲಿನ ವರಾಂಡದಲ್ಲಿ ನಿಂತರು. "ಸುಶೀಲಾ, ನಿಂಗೆ ಲೆಕ್ಕ ಬರುತ್ತೆ" ಎಂದರು. ಅಷ್ಟೇ ಪೀಠಿಕೆ.

ಹೆಡ್‌ಮಾಸ್ತರು ರಜಾ ಚೀಟಿಯನ್ನು ಎರಡು ಸಲ ಓದಿದರು. "ಹೆಣ್ಣುಮಕ್ಕಳು ಕಾರ್ ರೇಸಿಗೆ ಹೋಗೋದು ಅಂದ್ರೆ... ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ಮೊದ್ಲು ಯಾರನ್ನ ಅಂತಾರೆ ಗೊತ್ತಲ್ಲಮ್ಮ?" ಗೊತ್ತಿತ್ತು. ರುಜು ಹಾಕಿಸಿಕೊಂಡು ಬಂದೆ.

ಕಾರಿನಲ್ಲಿ ಕೂತ ಮೇಲೆ ತಿಳಿಯಿತು, ನನಗೆ ಲೆಕ್ಕದ ಜೊತೆ ಇನ್ನೆರಡು ಕೆಲಸಗಳಿದ್ದವು. ನನ್ನ ಮೊಣಕಾಲ ಬಳಿ ಒಂದು ನಲ್ಲಿ. ಆ ಸಿಲಿಂಡರಿನ ಬಾಯಿಗೆ ಹಾಕಿದ ನಲ್ಲಿ ಅದು. ಎಂಜಿನ್ನು ಶುರುವಾಗುವ ಮುಂಚೆ ತೆರೆಯಬೇಕು, ನಿಲ್ಲಿಸುವ ಹೊತ್ತಿಗೆ ಮುಚ್ಚಬೇಕು. ಇಲ್ಲದಿದ್ದರೆ ಕೂಡಿಟ್ಟ ಎಣ್ಣೆ ಹಿಂದಕ್ಕೆ ಹೋಗಿಬಿಡುತ್ತದೆ. ನನ್ನ ಕಣ್ಣೆದುರು ಒಂದು ಗುಂಡನೆಯ ಮೀಟರು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು. ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕಾದ್ದರಿಂದ ಅದನ್ನು ನನ್ನ ಕಡೆಗೇ ಕೂರಿಸಿದ್ದರು.

"ಮುಳ್ಳು ಕೆಂಪು ಗೆರೆಯಿಂದ ಕೆಳಗೆ ಬಂತೋ, 'ನಿಲ್ಸಿ' ಅನ್ನು. ಅದೊಂದೇ ಮಾತು. ಯಾಕೆ ಏನು ಅಂತ ನಾನು ಕೇಳಲ್ಲ, ನೀನೂ ಹೇಳ್ಬೇಡ. ಅಷ್ಟು ಹೊತ್ತು ಇರಲ್ಲ."

ಹೊರಡುವ ಜಾಗದಲ್ಲಿ ಬೆಂಗಳೂರಿನ ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು ಬಂದು ನಮ್ಮ ಕಾರಿನ ಒಳಗೆ ಬಗ್ಗಿ ನೋಡಿದರು. ಟ್ರ್ಯಾಕ್ಟರಿನ ಫಿಲ್ಟರು ನೋಡಿ ನಕ್ಕರು. ನಲ್ಲಿ ನೋಡಿ ಒಬ್ಬ, "ಮೇಡಂ, ನೀರು ಎಷ್ಟು ಗಂಟೆಗೆ ಬರುತ್ತೆ?" ಎಂದ. ಭಾವ ಕೇಳಿಸದವರಂತೆ ಕೈ ಒರೆಸಿಕೊಳ್ಳುತ್ತಿದ್ದರು. ಅವರ ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಮುಳಬಾಗಿಲಿನವರೆಗೆ ನಾನು ಉಸಿರಾಡಿದ ನೆನಪಿಲ್ಲ. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ, ಕೈಯಲ್ಲಿ ಗಡಿಯಾರ. ಕಾಲ ಬಳಿ ನನ್ನ ಬ್ಯಾಗು, ಅದರಲ್ಲಿ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ರ‍್ಯಾಲಿಯವರು ಹೇಳಿದ ವೇಗಕ್ಕೆ ಒಂದೊಂದು ತಿರುವನ್ನೂ ಕಾರು ಕಚ್ಚಿಕೊಂಡೇ ಹೋಗಬೇಕಿತ್ತು. ನಾನು "ಹನ್ನೆರಡು ಸೆಕೆಂಡು ಹಿಂದಿದೀವಿ" ಎನ್ನುತ್ತಿದ್ದೆ, ಭಾವ ಕಾಲು ಒತ್ತುತ್ತಿದ್ದರು. ಗಾಳಿಯ ಅಬ್ಬರಕ್ಕೆ ಅದಕ್ಕಿಂತ ದೊಡ್ಡ ಮಾತು ನಡೆಯುತ್ತಿರಲಿಲ್ಲ.

ತಾಯಲೂರಿನ ಕೆರೆ ಏರಿ ಬಂತು. ಎಂಜಿನ್ನು ಸತ್ತ ಜಾಗ. ಭಾವ ತುಂಬ ಗಾಬರಿಯಾದಾಗ ಅವರ ಬಾಯಲ್ಲಿ ಕನ್ನಡ ನಿಲ್ಲುತ್ತಿರಲಿಲ್ಲ, ತೆಲುಗು ಬರುತ್ತಿತ್ತು. "ಚೂಡಮ್ಮಾ, ಮುಳ್ಳು ಚೂಡು" ಎಂದರು, ಮುಳ್ಳು ನೋಡು ಅಂತ. ಕಾರು ತಿರುಗಿತು. ನನ್ನ ಭುಜ ಭಾವನವರ ಕಡೆಗೆ ವಾಲಿತು. ಒಂದು ಕಡೆ ನೀರು, ಒಂದು ಕಡೆ ಪಾತಾಳ. ನಾನು ಎರಡನ್ನೂ ನೋಡಲಿಲ್ಲ. ಮುಳ್ಳು ನಡುಗಿತು. ಜಾರಿತು. ಕೆಂಪು ಗೆರೆಗೆ ಕೂದಲೆಳೆಯಷ್ಟು ಮೇಲೆ ಬಂದು, ಯಾರೋ ಕೆಳಗಿನಿಂದ ಕೈಕೊಟ್ಟ ಹಾಗೆ ನಿಂತಿತು. ತಿರುವು ಮುಗಿಯುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ನಿಧಾನವಾಗಿ ಮೇಲೇರಿತು.

"ನಿಂತ್ಕೊಂಡಿತ್ತು ಭಾವ" ಎಂದು ಕೂಗಿದೆ.

ಅವರು ಎಡಗೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡರು. ಧೂಳು ಇತ್ತು ನಿಜ. ಆದರೆ ಧೂಳು ನನ್ನ ಕಣ್ಣಿಗೂ ಬಿದ್ದಿತ್ತು, ನಾನು ಒರೆಸಿಕೊಂಡಿರಲಿಲ್ಲ.

ಶ್ರೀನಿವಾಸಪುರದ ಠಾಣೆಯಲ್ಲಿ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಬೀದಿಯಲ್ಲಿ ಊರಿಗೆ ಊರೇ ನಿಂತಿತ್ತು. ಗಿರಣಿಯ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಕೈ ಬೀಸಲಿಲ್ಲ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮೊದಲನೆಯವರಿಗೂ ನಮಗೂ ಇದ್ದದ್ದು ಎರಡೇ ಅಂಕ. ಕೋಲಾರ ಇನ್ನು ಒಂದೇ ಓಟ.

ಸುಗಟೂರಿನ ಹತ್ತಿರ ರಸ್ತೆ ಮೊದಲು ಬಲಕ್ಕೆ, ತಕ್ಷಣ ಎಡಕ್ಕೆ ಹೊರಳುತ್ತದೆ. ಬಲಕ್ಕೆ ಹೊರಳಿದಾಗ ನನ್ನ ಬ್ಯಾಗು ಜಾರಿತು. ಕಾಲಿನಿಂದ ಹಿಂದಕ್ಕೆ ತಳ್ಳಿದೆ. ತಲೆ ಎತ್ತಿದರೆ ಮುಳ್ಳು ಇರಬೇಕಾದ ಜಾಗದಲ್ಲಿ ಇಲ್ಲ. ತಳದಲ್ಲಿ, ಸೊನ್ನೆಯ ಮೇಲೆ ಸತ್ತು ಮಲಗಿತ್ತು.

"ನಿಲ್ಸಿ."

ಭಾವ ಯಾಕೆ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಂಥ ತಿರುವಿನ ನಡುವೆ ಎಂಜಿನ್ನು ಆರಿಸಿ, ಕಾರನ್ನು ಹಾಗೆಯೇ ಜಾರಿಸಿಕೊಂಡು ಹೋಗಿ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ನಾನು ನಲ್ಲಿ ಮುಚ್ಚಿದೆ. "ಸೊನ್ನೆಗೆ ಬಂದ್ಬಿಟ್ಟಿತ್ತು ಭಾವ. ಎಂಜಿನ್ನು ಉಳೀತಾ? ನಾನು ತಡ ಮಾಡಿದ್ನಾ?"

"ನೀನು ಆ ತಿರುವಿನ ಹತ್ರ ಹೋಗಿ ನಿಂತ್ಕೋ. ಹಿಂದೆ ಬರೋ ಗಾಡಿಗೆ ಕೈ ಮಾಡು" ಎಂದು ತಮ್ಮ ಕೆಂಪು ಟವಲು ಕೊಟ್ಟರು.

ನಾನು ನಿಂತೆ. ಒಂದರ ಹಿಂದೆ ಒಂದು ಕಾರು ನಮ್ಮನ್ನು ದಾಟಿ ಹೋಯಿತು. ನಲ್ಲಿ ನೀರು ಕೇಳಿದ ಹುಡುಗನೂ ಹಾರ್ನ್ ಹೊಡೆದು ಹೋದ. ಕೊನೆಗೆ ರ‍್ಯಾಲಿಯವರ ಜೀಪು ಬಂತು. ನಾನೂ ಅದರ ಹಿಂದೆಯೇ ಓಡಿ ಬಂದೆ. ಕಾರಿನ ಕೆಳಗೆ ಕರಿ ಎಣ್ಣೆ ಒಂದು ಚೊಂಬಿನಷ್ಟು ಹರಡಿತ್ತು. ಭಾವ ಮೊಣಕೈಯವರೆಗೂ ಎಣ್ಣೆ ಮಾಡಿಕೊಂಡು ಫಿಲ್ಟರಿನ ಜಾಯಿಂಟು ಬಿಗಿಯುತ್ತಿದ್ದರು.

"ಏನಾಯ್ತು? ದಾರಿ ಹೇಳೋರು ಎಡವಟ್ಟು ಮಾಡಿದ್ರಾ?" ಜೀಪಿನ ಯಜಮಾನರು ನನ್ನ ಕಡೆ ನೋಡುತ್ತಲೇ ಕೇಳಿದರು.

"ಜಾಯಿಂಟು ಸೋರ್ತು. ನನ್ನ ಕೆಲ್ಸದ ತಪ್ಪು" ಎಂದರು ಭಾವ. "ಈಯಮ್ಮ ನೋಡಿ ಹೇಳಿದ್ದಕ್ಕೆ ಎಂಜಿನ್ನು ಉಳ್ಕೊಂತು. ಬರ್ಕೊಳ್ಳಿ ಹಂಗೇ."

ಹದಿನೆಂಟು ನಿಮಿಷ ತಡವಾಗಿ ಕೋಲಾರ ಮುಟ್ಟಿದೆವು. ಬಹುಮಾನ ಎಲ್ಲಿಯದು? ಕಾರಿನಿಂದ ಇಳಿಯುವಾಗ ನನ್ನ ಬ್ಯಾಗು ಕಾಲ ಬಳಿ ಇರಲಿಲ್ಲ, ಸೀಟಿನ ಹಿಂದೆ ಸಿಕ್ಕಿತು. ಅದನ್ನು ಅಲ್ಲಿ ಇಟ್ಟವರು ಯಾರು ಎಂದು ನಾನು ಯೋಚಿಸಲಿಲ್ಲ. ಯಾಕೆ ಯೋಚಿಸಲಿ? ನಾನಾಗ ಎಂಜಿನ್ನು ಉಳಿಸಿದ ವೀರನಾರಿ.

ಉತ್ಪ್ರೇಕ್ಷೆಯಲ್ಲ ಇದು. ಅಕ್ಕ ನನಗೆ ಆರತಿ ಎತ್ತಿದಳು. ಹೆಡ್‌ಮಾಸ್ತರು ಶನಿವಾರದ ಪ್ರಾರ್ಥನೆಯಲ್ಲಿ 'ಸಮಯಪ್ರಜ್ಞೆ' ಎಂಬ ವಿಷಯದ ಮೇಲೆ ನನ್ನಿಂದ ಭಾಷಣ ಮಾಡಿಸಿದರು. ಕೆಲವು ವರ್ಷಗಳಾದ ಮೇಲೆ ನನ್ನನ್ನು ನೋಡಲು ಬಂದ ಇನ್ನೊಬ್ಬರು ಈ ಕಥೆ ಕೇಳಿಯೇ ಒಪ್ಪಿಕೊಂಡರು ಎಂದು ಈಗಲೂ ಹೇಳುತ್ತಾರೆ. ನಾನು ಆ ಕಥೆಯನ್ನು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಸ್ಟಾಫ್‌ರೂಮಿನಲ್ಲಿ ಹೇಳಿದೆ. ಹೇಳುವಾಗೆಲ್ಲ ಜಾಯಿಂಟು ಇನ್ನಷ್ಟು ಜೋರಾಗಿ ಸೋರುತ್ತಿತ್ತು.

ಎಂಬತ್ತರ ದಶಕದಲ್ಲಿ ಒಂದು ರಂಜಾನ್ ಹಬ್ಬದ ಮಧ್ಯಾಹ್ನ ನಾನೂ ನನ್ನ ಯಜಮಾನರೂ ರಹಮತ್ ಸಾಬರ ಮನೆಗೆ ಹೋಗಿದ್ದೆವು. ಸಾಬರ ಹೆಂಡತಿ ನೂರ್‌ಜಹಾನ್ ಬೀ ಹಾಲಿನಲ್ಲಿ ಬೇಯಿಸಿದ ಶಾವಿಗೆ ತಂದಿಟ್ಟರು. ಬಂದ ನೆಂಟರ ಮುಂದೆ ನಾನು ಮತ್ತೆ ಸುಗಟೂರಿನ ತಿರುವಿಗೆ ಬಂದೆ. "ನಮ್ಮ ಸಾಬರ ಜಾಯಿಂಟು ಅವತ್ತೊಂದು ದಿನ ಕೈ ಕೊಡದೆ ಇದ್ದಿದ್ರೆ" ಎಂದು ಅವರ ಕಡೆ ನೋಡಿ ನಕ್ಕೆ. ಸಾಬರೂ ನಕ್ಕರು. ಎಲ್ಲರೂ ನಕ್ಕರು.

ನೂರ್‌ಜಹಾನ್ ಬೀ ನಗಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟರು.

"ಸಾಕು ಮಾಡಮ್ಮಾ. ಎಷ್ಟು ವರ್ಷ ಕೇಳ್ಬೇಕು ಈ ಮಾತು? ನಮ್ಮೋರ ಜಾಯಿಂಟು ಸೋರಿಲ್ಲ."

"ಏ, ಸುಮ್ಕಿರು" ಎಂದರು ಸಾಬರು.

"ಯಾಕೆ ಸುಮ್ಕಿರ್ಲಿ? ಗಲ್ಲಿಯವ್ರೆಲ್ಲ ಸೋರೋ ಸಾಬಿ ಅಂತ ಕರೀತಾರೆ. ಗಿರಾಕಿಗಳು ನಗ್ತಾರೆ. ಇವ್ರೂ ನಗ್ತಾರೆ ಅವ್ರ ಜೊತೆ."

ನೆಂಟರು ತಟ್ಟೆ ನೋಡತೊಡಗಿದರು. ನನ್ನ ಬಾಯಲ್ಲಿದ್ದ ಶಾವಿಗೆ ಅಲ್ಲೇ ನಿಂತಿತು. "ಸಾಬರೇ, ಏನಿದು?" ಎಂದೆ. ಅವರು ಗಡ್ಡ ಸವರಿಕೊಂಡರು, ಬಾಗಿಲ ಕಡೆ ನೋಡಿದರು, ಕೊನೆಗೆ ಬಹಳ ಮೆತ್ತಗೆ ಹೇಳಿದರು.

"ಮೀಟರಿಗೆ ಹೋಗೋ ವೈರು ನಿಮ್ಮ ಕಾಲ ಹತ್ರ ಇತ್ತಮ್ಮಾ. ನಿಮ್ಮ ಬ್ಯಾಗಿನ ಪಟ್ಟಿ ಅದಕ್ಕೆ ಸುತ್ತಾಕ್ಕೊಂಡು ಎಳ್ದ್‌ಬಿಟ್ಟಿತ್ತು. ವೈರು ಬಿಟ್ಟೋದ್ರೆ ಮುಳ್ಳು ಸೊನ್ನೆಗೆ ಬೀಳುತ್ತೆ. ಎಣ್ಣೆ ಎಲ್ಲ ಸರೀ ಇತ್ತು. ಎಂಜಿನ್ನಿಗೆ ಏನೂ ಆಗಿರ್ಲಿಲ್ಲ."

"ಮತ್ತೆ ನೆಲದ ಮೇಲೆ ಎಣ್ಣೆ? ನಾನೇ ನೋಡಿದೀನಲ್ಲ."

"ಅದು ನಿಮ್ಮ ಭಾವ ಸ್ಪ್ಯಾನರ್ ಹಾಕಿ ಬಿಚ್ಚಿ ಸುರಿದಿದ್ದು. ನೀವು ಅಲ್ಲಿ ಟವಲ್ ಹಿಡ್ಕೊಂಡು ನಿಂತಿದ್ರಂತೆ, ದೂರದಿಂದಾನೇ ನಡುಗ್ತಿದ್ದಿದ್ದು ಕಾಣಿಸ್ತಿತ್ತಂತೆ. ಜೀಪು ಬರೋ ಸದ್ದು ಕೇಳಿಸ್ತಂತೆ. ಮಾರನೇ ದಿನ ಬೆಳಿಗ್ಗೆ ಬಸ್ಸಲ್ಲಿ ಇಲ್ಲಿಗೆ ಬಂದ್ರು. 'ರಹಮತ್, ನಿನ್ನ ಕೆಲ್ಸಕ್ಕೆ ಕೆಟ್ಟ ಹೆಸರು ತಂದ್‌ಬಿಟ್ಟಿದೀನಿ, ಮಾಫ್ ಮಾಡು' ಅಂದ್ರು. ನಾನಂದೆ, ಹೋಗ್ಲಿ ಬಿಡಿ, ಸುಶೀಲಮ್ಮ ಮಗು ಥರ. ಇಬ್ರೂ ಯಾರಿಗೂ ಹೇಳೋದು ಬೇಡ ಅಂದ್ಕೊಂಡ್ವಿ." ಹೆಂಡತಿಯ ಕಡೆ ನೋಡಿದರು. "ಇವಳಿಗೆ ಒಬ್ಬಳಿಗೆ ಹೇಳಿದ್ದೆ. ನೋಡಿ."

ನಾನು ಎದ್ದು ಹೋಗಿ ನೂರ್‌ಜಹಾನ್ ಬೀಯವರ ಕೈ ಹಿಡಿದುಕೊಂಡೆ. ಅವರೇ ನನ್ನ ಬೆನ್ನು ಸವರಿ, "ಶಾವಿಗೆ ತಣ್ಣಗಾಗುತ್ತೆ, ತಿನ್ನಮ್ಮ" ಎಂದರು. ತಿಂದೆ. ಅಲ್ಲಿಂದ ನೇರ ಶ್ರೀನಿವಾಸಪುರದ ಬಸ್ಸು ಹತ್ತಿದೆವು.

ಭಾವ ಗಿರಣಿಯ ಮುಂದೆ ಯಾರದೋ ರಾಗಿ ಮೂಟೆ ಇಳಿಸುತ್ತಿದ್ದರು. ತಲೆ, ಹುಬ್ಬು, ಮೀಸೆಯೆಲ್ಲ ಹಿಟ್ಟು. ನಾನು ಎದುರಿಗೆ ಹೋಗಿ ನಿಂತೆ. ನನ್ನ ಮುಖ ನೋಡಿ ಮೂಟೆ ಕೆಳಗಿಟ್ಟರು.

"ರಹಮತ್ ಹೇಳ್ಬಿಟ್ನಾ?"

"ಅವರ ಮನೆಯವರು."

"ಹ್ಞಾ" ಎಂದರು. ಅಂಗೈಯ ಹಿಟ್ಟನ್ನು ಉಜ್ಜಿಕೊಂಡರು. "ಆಯಮ್ಮ ಹೇಳಿದ್ದೇ ಸರಿ. ಅವನ ಕೆಲ್ಸದ ಮೇಲೆ ನಾನು ಮಾತು ತರಬಾರ್ದಾಗಿತ್ತು."

"ನನಗೆ ಒಂದು ಮಾತು ಹೇಳ್ಬೋದಿತ್ತಲ್ಲ ಭಾವ. ಗೆಲ್ಲೋದನ್ನ ನಾನು ಕೆಡಿಸ್ದೆ. ಇಷ್ಟು ವರ್ಷ ಊರೆಲ್ಲ ಹೊಗಳಿಸ್ಕೊಂಡು ತಿರುಗಿದೀನಿ."

"ನೀನೇನು ಕೆಡಿಸ್ದೆ? ಮುಳ್ಳು ಬಿತ್ತು, ನೀನು ನಿಲ್ಸಿ ಅಂದೆ, ನಾನು ನಿಲ್ಸ್ದೆ. ಇಬ್ರೂ ಒಪ್ಕೊಂಡ ಹಾಗೇ ಮಾಡಿದೀವಿ. ಅದರಲ್ಲಿ ತಪ್ಪು ಯಾವುದು ಹೇಳು." ಉತ್ತರಕ್ಕೆ ಕಾಯದೆ ಒಳಗೆ ತಿರುಗಿ, "ಲೇ, ನಿನ್ ತಂಗಿ ಬಂದವ್ಳೆ. ಇನ್ನೆರಡು ಮುದ್ದೆ ಜಾಸ್ತಿ ಹಾಕು" ಎಂದು ಕೂಗಿದರು.

ಆ ದಿನ ನಾವೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಅವರೆಕಾಳಿನ ಸಾರು. ನಾನು ಮುದ್ದೆಯನ್ನು ತಟ್ಟೆಯಲ್ಲೇ ಅತ್ತಿತ್ತ ಉರುಳಿಸುತ್ತಿದ್ದೆ. ಭಾವ ಅದನ್ನು ನೋಡಿದರು, ಅಕ್ಕನ ಕಣ್ಣು ತಪ್ಪಿಸಿ ನನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ತಮ್ಮ ತಟ್ಟೆಗೆ ಹಾಕಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಸಾರಿನಲ್ಲಿ ಅದ್ದಿ ನುಂಗಿದರು.